ಬಣ್ಣ ತೊಳೆಯದೆ ಮನೆಗೆ ಹೋಗುತ್ತಿದ್ದ ನಟ

(ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯವರ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಪ್ತಸಲಹೆಗೆಂದು ಅವರನ್ನು ನನ್ನ ಬಳಿ ಕರೆತಂದದ್ದು ಹೆಂಡತಿ. ಮೂವತ್ತೆಂಟು ವರ್ಷದ ರಂಗನಟ. ಮಲೆನಾಡಿನ ಕಡೆಯವರು, ಈಗ ಬೆಂಗಳೂರಿನಲ್ಲಿದ್ದಾರೆ. ತಾಲೀಮಿನಲ್ಲಿ ಯಾರೂ ಬೆರಳು ತೋರಿಸುವ ಹಾಗಿಲ್ಲ. ಆದರೆ ಪ್ರದರ್ಶನಕ್ಕೆ ಇನ್ನೊಂದು ವಾರ ಅನ್ನುವಾಗ ಏನಾದರೊಂದು ನೆಪ ಹೇಳಿ ಪಾತ್ರ ಬಿಟ್ಟುಬಿಡುತ್ತಿದ್ದರು. ಬಿಡದೆ ಉಳಿದರೆ, ನಾಟಕ ಮುಗಿದ ಕೂಡಲೇ ಮುಖದ ಬಣ್ಣವನ್ನೂ ತೊಳೆಯದೆ ಬೈಕ್ ಹತ್ತಿ ಹೊರಟುಬಿಡುತ್ತಿದ್ದರು. ಆ ರಾತ್ರಿ ಕುಡಿತ ಜಾಸ್ತಿ. ಧಾರಾವಾಹಿಯೊಂದರ ದೊಡ್ಡ ಪಾತ್ರವೂ ಹೀಗೇ ಕೈತಪ್ಪಿತ್ತು. ‘ಜಂಭ ಜಾಸ್ತಿ’, ‘ನಂಬೋಕಾಗಲ್ಲ’ ಎಂಬ ಹೆಸರು ಬಂದಿತ್ತು.

ಮೊದಲ ದಿನವೇ ಒಂದು ಮಾತು ಹೇಳಿದ್ದೆ. ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ, ಆದರೆ ಯಾವುದಾದರೂ ಮಗುವಿಗೆ ಈಗ ಅಪಾಯ ಇದೆ ಎಂದು ಗೊತ್ತಾದರೆ ನಾನು ಸುಮ್ಮನಿರುವ ಹಾಗಿಲ್ಲ. ಅವರು ತಲೆಯಾಡಿಸಿದರು. ಎಷ್ಟೋ ವಾರ ನಿದ್ದೆ, ಕುಡಿತ, ಹಣದ ಮಾತಷ್ಟೇ ಆಯಿತು. ಆಮೇಲೊಂದು ದಿನ ಕೇಳಿದೆ, ಬಣ್ಣ ಯಾಕೆ ಅಲ್ಲೇ ತೊಳೆಯೋದಿಲ್ಲ?

‘ಕೊಬ್ಬರಿ ಎಣ್ಣೆ ವಾಸನೆ ಆಗಲ್ಲ ಮೇಡಂ.’

ಊರಲ್ಲಿ ಜಾತ್ರೆಗೆ ಹವ್ಯಾಸಿಗಳ ನಾಟಕ ಆಗುತ್ತಿತ್ತು. ನಡೆಸುತ್ತಿದ್ದವರು ಸೋದರಮಾವನ ವರಸೆಯ ಒಬ್ಬರು. ಒಂಬತ್ತು ವರ್ಷದ ಈ ಹುಡುಗನ ಕಂಠ, ಅಭಿನಯ ನೋಡಿ ಮೊದಲು ಮೆಚ್ಚಿದ್ದು ಅವರೇ. ‘ನಿನ್ನಂಥೋನು ಈ ಸೀಮೇಲೇ ಇಲ್ಲ ಕಣೋ’ ಅನ್ನುತ್ತಿದ್ದರಂತೆ. ಬಣ್ಣ ಹಚ್ಚುವುದು, ಎಣ್ಣೆ ಸವರಿ ಬಣ್ಣ ತೆಗೆಯುವುದು ಅವರದೇ ಕೆಲಸ. ದೌರ್ಜನ್ಯ ನಡೆದದ್ದು ಅಲ್ಲಿ, ಬಾಗಿಲು ಹಾಕಿದ ಆ ಕೋಣೆಯಲ್ಲಿ. ಎರಡು ವರ್ಷ ನಡೆಯಿತು.

ಅವರನ್ನು ಇಷ್ಟು ವರ್ಷ ಕೊರೆದದ್ದು ಇನ್ನೊಂದು ಸಂಗತಿ. ‘ಮತ್ತೆ ಮತ್ತೆ ನಾನೇ ಹೋದೆ ಮೇಡಂ. ನಂಗೆ ಪಾತ್ರ ಬೇಕಿತ್ತು.’

ಇದನ್ನು ಹೇಳಿ ಅವರು ನನ್ನ ಮುಖ ನೋಡಲಿಲ್ಲ. ನಾನು ಹೇಳಿದ್ದು ಇಷ್ಟು: ಒಂಬತ್ತು ವರ್ಷದ ಮಗು ಪಾತ್ರ ಬೇಕು ಅಂತ ಆಸೆಪಡುವುದರಲ್ಲಿ ತಪ್ಪೇನಿದೆ? ಆ ಆಸೆಗೆ ಬೆಲೆ ಕಟ್ಟಿ ವಸೂಲಿ ಮಾಡಿದ್ದು ದೊಡ್ಡವರು. ಕೂಗಲಿಲ್ಲ ಯಾಕೆ ಅಂತಲೂ ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಹೆದರಿದ ಮೈ ಓಡುತ್ತದೆ, ಎದುರು ನಿಲ್ಲುತ್ತದೆ, ಇಲ್ಲವೇ ಮರಗಟ್ಟುತ್ತದೆ. ಮೂರರಲ್ಲಿ ಯಾವುದು ಅಂತ ಮಗು ಆರಿಸಿಕೊಳ್ಳುವುದಿಲ್ಲ.

ಈಗ ಆ ಹಳೆಯ ಕಥೆಯನ್ನೂ ಇವತ್ತಿನ ಕೆಲಸವನ್ನೂ ಜೋಡಿಸಿ ನೋಡಿ. ಇವರ ಮಟ್ಟಿಗೆ ಮೆಚ್ಚುಗೆ ಎಂದರೆ ಬಾಗಿಲು ಹಾಕುವ ಸೂಚನೆ. ನಿರ್ದೇಶಕರು ಭುಜ ತಟ್ಟಿ ‘ಭೇಷ್’ ಅಂದರೆ ಹೊಟ್ಟೆ ತೊಳಸುತ್ತದೆ. ಪ್ರದರ್ಶನ ಹತ್ತಿರವಾದಷ್ಟೂ ಹೊಗಳಿಕೆ ಜಾಸ್ತಿ, ಅದಕ್ಕೇ ಓಡಿಹೋಗುವುದು. ಸೋಲುವ ಭಯ ಇವರಿಗೆ ಇರಲೇ ಇಲ್ಲ, ಇದ್ದದ್ದು ಗೆಲ್ಲುವ ಭಯ. ಶಿಸ್ತಿಲ್ಲ ಅಂತ ತಂಡದವರು ಬೈದದ್ದು ಇವರಿಗೆ ಒಂದು ರೀತಿ ಹಾಯಾಗಿತ್ತು. ಯಾಕೆಂದರೆ ಬೈಗುಳದಲ್ಲಿ ಅಪಾಯ ಇರಲಿಲ್ಲ.

‘ಗಂಡುಹುಡುಗರಿಗೂ ಹೀಗಾಗುತ್ತಾ?’ ಅಂತ ಹೆಂಡತಿ ಕೇಳಿದರು. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಶೇ. 53ರಷ್ಟು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಅವರಲ್ಲಿ ಹುಡುಗರ ಪಾಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ. ಆದರೂ ಹುಡುಗರನ್ನು ಕೇಳುವವರು ಕಡಿಮೆ, ನಂಬುವವರು ಇನ್ನೂ ಕಡಿಮೆ. ನನಗೆ ಇದು ಬಹಳ ನೋವಿನ ವಿಷಯ.

ಹಳೆಯದನ್ನು ಕೆದಕುವುದಕ್ಕೆ ನಾವು ಅವಸರ ಮಾಡಲಿಲ್ಲ. ಮೊದಲು ಮನೋವೈದ್ಯರನ್ನು ಕಂಡು ನಿದ್ದೆ ಸರಿಮಾಡಿಕೊಂಡರು, ಕುಡಿತ ಬಿಡಲು ಸಹಾಯ ಪಡೆದರು. ಬಣ್ಣದ ಕೋಣೆಗೆ ಸಣ್ಣ ಸಣ್ಣ ಏರ್ಪಾಡು ಮಾಡಿಕೊಂಡೆವು. ಬಣ್ಣ ತಾವೇ ಹಚ್ಚಿಕೊಳ್ಳುವುದು. ಕೊಬ್ಬರಿ ಎಣ್ಣೆ ಬದಲು ಕೋಲ್ಡ್ ಕ್ರೀಮ್. ಬಾಗಿಲು ತೆರೆದಿರಬೇಕು, ನಂಬಿಕೆಯ ಗೆಳೆಯನೊಬ್ಬ ಜೊತೆಗಿರಬೇಕು. ಮನಸ್ಸು ಹಿಂದಕ್ಕೆ ಜಾರಿತು ಅನ್ನಿಸಿದರೆ ಪಾದ ನೆಲಕ್ಕೊತ್ತಿ, ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರು ಹೇಳಿಕೊಳ್ಳುವುದು. ನಿರ್ದೇಶಕರಿಗೆ ಕಥೆ ಹೇಳುವ ಅಗತ್ಯವೇ ಇಲ್ಲ ಅಂದೆ. ‘ಮೈ ಮುಟ್ಟುವ ದೃಶ್ಯ ಇದ್ದರೆ ಮೊದಲೇ ಹೇಳಿ, ಹೇಗೆ ಮಾಡೋದು ಅಂತ ಕೂತು ಮಾತಾಡೋಣ’ ಅಂದರೆ ಸಾಕು.

ಅವರಿಗೆ ಇನ್ನೊಂದು ಭಯ. ‘ಈ ನೋವು ಹೋದರೆ ನಟನೆಯೂ ಹೋಗಿಬಿಟ್ಟರೆ?’ ಎಷ್ಟೋ ಕಲಾವಿದರು ಕೇಳುವ ಪ್ರಶ್ನೆ ಇದು. ನೋವು ಉಂಡವನೇ ದೊಡ್ಡ ಕಲಾವಿದ ಎಂಬ ಮಾತನ್ನು ನಾವೆಲ್ಲ ಸುಲಭವಾಗಿ ಆಡುತ್ತೇವೆ, ಅಲ್ವಾ? ನನಗೆ ಆ ಮಾತು ಒಪ್ಪಿಗೆಯಿಲ್ಲ. ಅವರನ್ನೇ ಕೇಳಿದೆ, ಆ ನಾಟಕಗಳಿಗೆ ಸೇರುವ ಮುಂಚೆ ಏನು ಮಾಡುತ್ತಿದ್ದಿರಿ? ಸ್ವಲ್ಪ ಹೊತ್ತು ಯೋಚಿಸಿ, ಅಜ್ಜಿ ಎಲೆಅಡಿಕೆ ಹಾಕಿಕೊಳ್ಳುವುದನ್ನು, ಬಸ್ ಕಂಡಕ್ಟರ್ ಕೂಗುವುದನ್ನು ಅಣಕ ಮಾಡಿ ಮನೆಯವರನ್ನು ನಗಿಸುತ್ತಿದ್ದೆ ಅಂದರು. ಅಂದರೆ ನಟನೆ ಮೊದಲೇ ಇತ್ತು. ಆ ಮನುಷ್ಯ ಅದನ್ನು ಕೊಟ್ಟವನಲ್ಲ, ಕಂಡುಹಿಡಿದವನೂ ಅಲ್ಲ. ಇದು ಅವರಿಗೆ ನಿಜ ಅನ್ನಿಸಲು ತಿಂಗಳುಗಳೇ ಬೇಕಾದವು. ಆ ಮಾತಿಗೆ ನಾವು ಮತ್ತೆ ಮತ್ತೆ ಬಂದೆವು.

ಇದನ್ನೇ ಏಕವ್ಯಕ್ತಿ ನಾಟಕ ಮಾಡಬೇಕು ಎಂಬ ಆಸೆ ನಡುವೆ ಬಂತು. ಸದ್ಯಕ್ಕೆ ಬೇಡ ಅಂದೆ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಯಾರಿಗೂ ತೋರಿಸಬೇಡಿ, ಬರೆದ ಮೇಲೆ ಸಂಕಟ ಹೆಚ್ಚಿದರೆ ನಿಲ್ಲಿಸಿ. ವೇದಿಕೆಗೆ ತರುವ ಪ್ರಶ್ನೆ ಆಮೇಲಿನದು. ಎಂದೂ ತರದಿದ್ದರೂ ಅವರ ಕಲೆಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಕಷ್ಟವಾದದ್ದು ಮುಂದಿನದು. ಆ ವ್ಯಕ್ತಿ ಈಗಲೂ ಮಕ್ಕಳಿಗೆ ನಾಟಕ ಕಲಿಸುತ್ತಾರಾ ಅಂತ ಕೇಳಿದೆ. ಬೇಸಿಗೆ ಶಿಬಿರ ಮಾಡುತ್ತಾರೆ ಅಂದರು. ಈ ನಟರ ಮೇಲೆ ನಡೆದದ್ದರ ಬಗ್ಗೆ ದೂರು ಕೊಡುವುದು, ಬಿಡುವುದು ಅವರಿಗೇ ಸೇರಿದ್ದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಇವರದು ಅದಕ್ಕೂ ಹಿಂದಿನದಾದ್ದರಿಂದ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಂಗಳನ್ನು ನೋಡಬೇಕು, ವಕೀಲರನ್ನು ಕಾಣಿ ಅಂದೆ. ಆದರೆ ಶಿಬಿರದ ಮಕ್ಕಳ ವಿಷಯ ಬೇರೆ. ಅಪರಾಧ ನಡೆದಿದ್ದರೆ ಮಾತ್ರವಲ್ಲ, ನಡೆಯಬಹುದು ಎಂಬ ಅನುಮಾನ ಇದ್ದರೂ ತಿಳಿಸಬೇಕು ಅನ್ನುತ್ತದೆ ಪೋಕ್ಸೊ ಕಾಯ್ದೆಯ 19ನೇ ಕಲಂ. ಮೊದಲ ದಿನ ನಾನು ಹೇಳಿದ್ದ ಮಾತು ಅವರಿಗೆ ನೆನಪಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ನನ್ನ ಕೋಣೆಯಿಂದಲೇ ಕರೆ ಮಾಡಿದೆವು. ಆ ಸಂಜೆ ಊರಿನ ಅಕ್ಕನಿಗೆ ಅವರೇ ಫೋನ್ ಮಾಡಿದರು. ಅಕ್ಕ ಅತ್ತರಂತೆ. ಆಮೇಲೆ ‘ಈ ಸಲ ನಮ್ಮನೆ ಹುಡುಗರು ಹೋಗಲ್ಲ, ಉಳಿದವರ ಮನೆಗೂ ನಾನೇ ಹೋಗಿ ಹೇಳ್ತೀನಿ’ ಅಂದರಂತೆ.

ಈಗ ಅವರು ತಿಂಗಳಿಗೊಮ್ಮೆ ಬರುತ್ತಾರೆ. ಹಿಡಿದ ಪಾತ್ರಗಳನ್ನು ಪೂರ್ತಿ ಮಾಡುತ್ತಿದ್ದಾರೆ. ಹೊಗಳಿಕೆ ಇನ್ನೂ ಇರಿಸುಮುರಿಸೇ, ದಾಂಪತ್ಯದ ಸಲಿಗೆಯಲ್ಲೂ ಕೆಲಸ ಬಾಕಿ ಇದೆ.

ಇದನ್ನು ಓದುತ್ತಿರುವ ನಿಮಗೂ ಇಂಥದ್ದೇನಾದರೂ ಆಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮೊದಲ ದಿನವೇ ಎಲ್ಲ ಬಿಚ್ಚಿ ಹೇಳಿ ಅಂತ ಒತ್ತಾಯ ಮಾಡುವ, ‘ಆದದ್ದು ಆಯ್ತು, ಕ್ಷಮಿಸಿಬಿಡಿ’ ಅನ್ನುವ ಸಲಹೆಗಾರರು ಸಿಕ್ಕರೆ ಅವರನ್ನು ಬಿಟ್ಟು ಬೇರೆಯವರನ್ನು ಹುಡುಕಿ.