ವೈಸ್ ಇಲ್ಲದೆ ಕಬ್ಬಿಣದ ಪಟ್ಟಿ ಬಗ್ಗಿಸುವುದು ಹೇಗೆ?

ನಮಸ್ಕಾರ್ರೀ. ಸೈಕಲ್ ಕ್ಯಾರಿಯರ್‌ಗೆ 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ 90 ಡಿಗ್ರಿ ಬಗ್ಗಿಸಬೇಕು, ವೈಸ್ (ಕೆಲಸದ ವಸ್ತುವನ್ನು ಬಿಗಿಯಾಗಿ ಹಿಡಿಯುವ ಸಾಧನ) ಇಲ್ಲ ಅಂದಿರಿ. ಸುಮ್ನೆ ಹೊಸ ವೈಸ್ ಕೊಳ್ಳಬೇಡಿ. ಬೆಳಗಾವಿಯಲ್ಲಿ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ಇದೆ ಅಲ್ವಾ, ಅಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಆಂಗಲ್ (L ಆಕಾರದ ಕಬ್ಬಿಣ) ತುಂಡು ಕೇಳಿ. ಗಟ್ಟಿ ಮೇಜಿನ ಅಂಚಿಗೆ ಒಂದು ಆಂಗಲ್, ಮೇಲೆ ಪಟ್ಟಿ, ಅದರ ಮೇಲೆ ಇನ್ನೊಂದು ಆಂಗಲ್ ಇಟ್ಟು ಎರಡೂ ಕಡೆ ಸಿ ಕ್ಲ್ಯಾಂಪ್ (C ಆಕಾರದ, ತಿರುಪಿನಿಂದ ಬಿಗಿಯುವ ಹಿಡಿಕೆ) ಬಿಗಿಯಿರಿ.

ತುದಿಗೆ ಸುತ್ತಿಗೆ ಹಾಕಬೇಡಿ. ಪಟ್ಟಿ ಕಮಾನಿನ ಹಾಗೆ ಆಗುತ್ತದೆ, ನನಗೆ ಮೊದಲ ಸಲ ಹಾಗೇ ಆಯಿತು. ಪಟ್ಟಿಗೆ ಉದ್ದ ಪೈಪ್ ತೂರಿಸಿ ನಿಧಾನ ಒತ್ತಿ, ಕೊನೆಗೆ ಮಡಿಕೆಯ ಹತ್ತಿರವೇ ಬಡಿಯಿರಿ. ಬಿಟ್ಟಾಗ ಪಟ್ಟಿ ಸ್ವಲ್ಪ ಹಿಂದಕ್ಕೆ ಬರುತ್ತದೆ, ಅದಕ್ಕೆ 2-3 ಡಿಗ್ರಿ ಜಾಸ್ತಿ ಬಗ್ಗಿಸಿ. ತೂತು ಬೇಕಿದ್ದರೆ ಬಗ್ಗಿಸಿದ ಆಮೇಲೆ ಕೊರೆಯಿರಿ.

ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿಯಾಗಿದ್ದರೆ ದಯವಿಟ್ಟು ಬೆಂಕಿಯಲ್ಲಿ ಕಾಯಿಸಬೇಡಿ. ಸತುವಿನ ಹೊಗೆ ಕುಡಿದರೆ ಚಳಿ, ಜ್ವರ ಬರಬಹುದು.