ಒಕ್ಕೂಟ ಬಿಟ್ಟದ್ದು ಬ್ರಿಟನ್, ಭಾವನ ಹಕ್ಕು ಏನಾಯಿತು?

ಪ್ರಶ್ನೆ: ನಾವು ಬೆಂಗಳೂರಿನ ಫ್ರೇಜರ್ ಟೌನ್‌ನವರು. ನನ್ನ ಭಾವ ಗೋವಾದವರು. ಅವರ ತಂದೆ ಪೋರ್ಚುಗೀಸರ ಕಾಲದಲ್ಲಿ ಅಲ್ಲಿ ಹುಟ್ಟಿದವರು. ಹಾಗಾಗಿ ಭಾವನಿಗೆ ಪೋರ್ಚುಗಲ್ ಪಾಸ್‌ಪೋರ್ಟ್ ಸಿಕ್ಕಿತು. 2015ರಿಂದ ಅವರು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ಕೆಲಸದಲ್ಲಿದ್ದಾರೆ. 2018ರಲ್ಲಿ ಇಲ್ಲಿನ ಚರ್ಚಿನಲ್ಲಿ ಅಕ್ಕನ ಜೊತೆ ಮದುವೆ ಆಯಿತು. ಅಮ್ಮನಿಗೆ ಹುಷಾರಿಲ್ಲದ್ದರಿಂದ ಅಕ್ಕ ಬೆಂಗಳೂರಿನಲ್ಲೇ ಉಳಿದಳು. ಅವಳದು ಭಾರತದ ಪಾಸ್‌ಪೋರ್ಟ್. ಈಗ ಅಮ್ಮ ತೀರಿಕೊಂಡಿದ್ದಾರೆ. ಅಕ್ಕ ಭಾವನ ಹತ್ತಿರ ಹೋಗಬೇಕು ಅಂತಿದ್ದಾಳೆ. ಐರೋಪ್ಯ ಒಕ್ಕೂಟದ ದೇಶದವರು ಬ್ರಿಟನ್ನಿನಲ್ಲಿ ಕುಟುಂಬ ಸಮೇತ ನೆಲೆಸುವ ಹಕ್ಕೆಲ್ಲ ಬ್ರೆಕ್ಸಿಟ್ ಜೊತೆ, ಅಂದರೆ ಬ್ರಿಟನ್ ಒಕ್ಕೂಟ ಬಿಟ್ಟಾಗಲೇ, ಮುಗೀತು ಅಂತಾರೆ ನನ್ನ ಗಂಡ. ಒಮ್ಮೆ ಕೊಟ್ಟ ಹಕ್ಕನ್ನು ಕಿತ್ತುಕೊಳ್ಳೋಕೆ ಆಗಲ್ಲ ಅಂತಾಳೆ ಕಾನೂನು ಓದುತ್ತಿರುವ ಮಗಳು. ಯಾರು ಹೇಳೋದು ಸರಿ?

ಉತ್ತರ: ಮೊದಲು ನಿಮ್ಮ ಅಕ್ಕನಿಗೆ ಧೈರ್ಯ ಹೇಳಿ. ಭಾವನಿಗೆ ಬ್ರಿಟನ್ನಿನಲ್ಲಿ ‘ಸೆಟಲ್ಡ್ ಸ್ಟೇಟಸ್’, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಮಂಜೂರಾತಿ, ಸಿಕ್ಕಿದ್ದರೆ ಅವಳಿಗೆ ದಾರಿ ತೆರೆದೇ ಇದೆ. ಹೇಗೆ ಹೋಗಬೇಕು ಅನ್ನೋದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಮನೆಯ ವಾದಕ್ಕೆ ಬರೋಣ. ಇದೇ ವಾದ ಲಂಡನ್ನಿನ ಕೋರ್ಟುಗಳಲ್ಲೂ ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯದಲ್ಲೂ ವರ್ಷಗಟ್ಟಲೆ ನಡೆದಿದೆ.

ನಿಮ್ಮ ಯಜಮಾನರ ಮಾತಿನಲ್ಲಿ ಸತ್ಯ ಇದೆ. ಐರೋಪ್ಯ ಒಕ್ಕೂಟದ ಪೌರತ್ವ ತನ್ನ ಕಾಲ ಮೇಲೆ ತಾನು ನಿಲ್ಲುವಂಥದ್ದಲ್ಲ. 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದ ಅದನ್ನು ತಂದಿತು. ಸದಸ್ಯ ದೇಶವೊಂದರ ಪ್ರಜೆಯಾಗಿದ್ದರೆ ಮಾತ್ರ ಅದು ಸಿಗುತ್ತದೆ. 1984ರಿಂದ ಫ್ರಾನ್ಸ್‌ನಲ್ಲೇ ಬದುಕಿದ್ದ ಒಬ್ಬ ಬ್ರಿಟಿಷ್ ಮಹಿಳೆಯ ಕಥೆ ಕೇಳಿ. ಅವರ ಗಂಡ ಫ್ರೆಂಚ್. ಬ್ರಿಟನ್ ಹೊರಬಂದ ಮೇಲೆ ಅವರ ಹೆಸರನ್ನು ಊರಿನ ಮತದಾರರ ಪಟ್ಟಿಯಿಂದ ತೆಗೆದುಹಾಕಿದರು. ಅವರು ಕೋರ್ಟಿಗೆ ಹೋದರು. ನಿಮ್ಮ ದೇಶ ಸದಸ್ಯತ್ವ ಬಿಟ್ಟಾಗಲೇ ನಿಮ್ಮ ಒಕ್ಕೂಟದ ಪೌರತ್ವವೂ ಹೋಯಿತು ಎಂದು ಒಕ್ಕೂಟದ ನ್ಯಾಯಾಲಯ 2022ರ ಜೂನ್‌ನಲ್ಲಿ ಹೇಳಿತು. ದೇಶ ಬಿಟ್ಟು 15 ವರ್ಷಕ್ಕಿಂತ ಜಾಸ್ತಿ ಆದವರಿಗೆ ಆಗ ಬ್ರಿಟನ್ನಿನಲ್ಲಿ ಮತ ಇರಲಿಲ್ಲ. ಹಾಗಾಗಿ 2016ರ ಜನಮತಗಣನೆಯಲ್ಲೂ ಅವರಿಗೆ ಮತ ಹಾಕಲು ಆಗಿರಲಿಲ್ಲ. ತನ್ನ ಬದುಕನ್ನೇ ಬದಲಿಸುವ ತೀರ್ಮಾನದಲ್ಲಿ ಆಕೆಗೆ ಮಾತೇ ಇರಲಿಲ್ಲ. ಈ ತೀರ್ಪು ಓದಿದಾಗ ನನಗೆ ಸಂಕಟ ಆಯಿತು.

ಇನ್ನೊಂದು ವಿಷಯ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಆ ಜನಮತಗಣನೆಯಲ್ಲಿ ಬ್ರಿಟನ್ನಿನಲ್ಲಿ ವಾಸವಿದ್ದ ಭಾರತೀಯರು ಮತ ಹಾಕಬಹುದಿತ್ತು, ಭಾರತ ಕಾಮನ್‌ವೆಲ್ತ್ ದೇಶ ಅನ್ನುವ ಕಾರಣಕ್ಕೆ. ಮೂವತ್ತು ವರ್ಷ ಅಲ್ಲೇ ದುಡಿದ ಇಟಲಿಯವರಿಗೆ ಆ ಅವಕಾಶ ಇರಲಿಲ್ಲ. ನಿಮ್ಮ ಭಾವನ ಸ್ಥಿತಿಯೂ ಅದೇ. ಭಾರತದ ಪಾಸ್‌ಪೋರ್ಟ್ ಇದ್ದಿದ್ದರೆ ಮತ ಇರುತ್ತಿತ್ತು. ಪೋರ್ಚುಗಲ್ ಪಾಸ್‌ಪೋರ್ಟ್ ಇದ್ದುದರಿಂದ ಇರಲಿಲ್ಲ.

ಈಗ ಮಗಳ ಮಾತು. ಸರ್ಕಾರ ತನ್ನಷ್ಟಕ್ಕೆ ತಾನೇ ಒಂದು ಪತ್ರ ಬರೆದು ಒಕ್ಕೂಟದಿಂದ ಹೊರಬರಬಹುದೇ ಅನ್ನುವ ಪ್ರಶ್ನೆ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಬಂದಿತ್ತು. ಜನರ ಹಕ್ಕುಗಳು ಹೋಗುವಂತಿದ್ದರೆ ಸಂಸತ್ತಿನ ಒಪ್ಪಿಗೆ ಬೇಕೇ ಬೇಕು ಎಂದು 2017ರ ಜನವರಿಯಲ್ಲಿ 8–3 ಬಹುಮತದ ತೀರ್ಪು ಬಂತು. ಆದರೆ ಇಲ್ಲಿ ಮಗಳಿಗೆ ಒಂದು ಸೂಕ್ಷ್ಮ ತೋರಿಸಿ. ಹಕ್ಕನ್ನು ತೆಗೆಯಲೇಬಾರದು ಅಂತ ಕೋರ್ಟ್ ಹೇಳಲಿಲ್ಲ. ಯಾರು ತೆಗೆಯಬಹುದು ಅಂತ ಮಾತ್ರ ಹೇಳಿತು. ಆಗಲೇ ಅಲ್ಲಿ ನೆಲೆಸಿದ್ದ ಜನರನ್ನು ಉಳಿಸಿದ್ದು ಎರಡೂ ಕಡೆಯವರು ಕೂತು ಮಾಡಿಕೊಂಡ ನಿರ್ಗಮನ ಒಪ್ಪಂದ. 2020ರ ಡಿಸೆಂಬರ್ 31ರೊಳಗೆ ಬಂದು ನೆಲೆಸಿದವರು ಮುಂದೆಯೂ ಇರಬಹುದು, ಆ ದಿನಕ್ಕೆ ಮೊದಲೇ ಸಂಬಂಧ ಇದ್ದ ಹತ್ತಿರದ ಕುಟುಂಬದವರು ಆಮೇಲೂ ಬಂದು ಸೇರಬಹುದು ಅಂತ ಅದರಲ್ಲಿ ಬರೆದುಕೊಂಡರು.

ಸರಿ, ಹಕ್ಕು ಉಳಿಯಿತು. ಆದರೆ ಅದನ್ನು ಯಾರು ಸಾಬೀತು ಮಾಡಬೇಕು? ನನ್ನ ಪ್ರಕಾರ ನಿಜವಾದ ಜಗಳ ಇದೇ.

ಬೆಂಗಳೂರಿನವರಿಗೆ ಇದನ್ನು ಖಾತಾ ಇಟ್ಟುಕೊಂಡು ಹೇಳಿದರೆ ಬೇಗ ಅರ್ಥ ಆಗುತ್ತದೆ. ಸೈಟು ನಿಮ್ಮದಾಗೋದು ಕ್ರಯಪತ್ರದಿಂದ. ಖಾತಾ ಇಲ್ಲದಿದ್ದರೆ ಓಡಾಟ ಜಾಸ್ತಿ, ಸಾಲ ಸಿಗೋದು ಕಷ್ಟ. ಆದರೂ ಖಾತಾ ಇಲ್ಲ ಅಂದ ಮಾತ್ರಕ್ಕೆ ಸೈಟು ಬೇರೆಯವರದ್ದಾಗುವುದಿಲ್ಲ ಅಲ್ವಾ? ಜರ್ಮನಿ, ಸ್ಪೇನ್ ತಮ್ಮಲ್ಲಿದ್ದ ಬ್ರಿಟಿಷರ ವಿಷಯದಲ್ಲಿ ಈ ದಾರಿ ಹಿಡಿದವು. ಹಕ್ಕು ಆಗಲೇ ಇದೆ, ಕಾರ್ಡು ಅದಕ್ಕೆ ಪುರಾವೆ ಅಷ್ಟೇ. ಬ್ರಿಟನ್ ಮತ್ತು ಫ್ರಾನ್ಸ್ ಇನ್ನೊಂದು ದಾರಿ ಹಿಡಿದವು. ಅರ್ಜಿ ಹಾಕಿ ಮಂಜೂರಾದರೆ ಮಾತ್ರ ಹಕ್ಕು. ಬ್ರಿಟನ್ನಿನಲ್ಲಿ ಕೊನೆಯ ದಿನ 2021ರ ಜೂನ್ 30. ಅಷ್ಟರೊಳಗೆ 60 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು.

ಇದೇನೂ ಬೇರೆಯವರ ಊರಿನ ಕಥೆ ಅಲ್ಲ. ನಮ್ಮ ಸಂವಿಧಾನದ 6ನೇ ವಿಧಿ ತೆಗೆದು ನೋಡಿ. ವಿಭಜನೆಯ ಹೊತ್ತಿನಲ್ಲಿ ಪಾಕಿಸ್ತಾನದಿಂದ ಬಂದವರ ಬಗ್ಗೆ ಅದು ಹೇಳುತ್ತದೆ. ತಾವೋ ಹೆತ್ತವರೋ ಅಜ್ಜ ಅಜ್ಜಿಯೋ ಅವಿಭಜಿತ ಭಾರತದಲ್ಲಿ ಹುಟ್ಟಿದ್ದು, 1948ರ ಜುಲೈ 19ಕ್ಕೆ ಮೊದಲು ಬಂದು ಇಲ್ಲೇ ನೆಲೆಸಿದ್ದರೆ ಅವರು ಪ್ರಜೆಗಳು. ಆ ದಿನ ಅಥವಾ ಅದಾದ ಮೇಲೆ ಬಂದವರು ಅಧಿಕಾರಿಗೆ ಅರ್ಜಿ ಕೊಟ್ಟು ಹೆಸರು ನೋಂದಾಯಿಸಬೇಕಿತ್ತು. ಎರಡೂ ದಾರಿ ಒಂದೇ ವಿಧಿಯಲ್ಲಿ, ನಡುವೆ ಒಂದು ತಾರೀಖು. ನೆಲ ಒಡೆದಾಗ ಮನುಷ್ಯರ ಪಾಲಿಗೆ ಉಳಿಯೋದು ಇಂಥ ತಾರೀಖು ಮತ್ತು ಕಾಗದ.

ಬ್ರಿಟನ್ ಸರ್ಕಾರದ ವಾದವನ್ನೂ ಹೇಳಬೇಕು. 1973ಕ್ಕೂ ಮೊದಲು ಕೆರಿಬಿಯನ್ ದ್ವೀಪಗಳಿಂದ ಬಂದವರಿಗೆ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕಿತ್ತು, ಆದರೆ ಎಷ್ಟೋ ಜನರ ಕೈಯಲ್ಲಿ ಕಾಗದ ಇರಲಿಲ್ಲ. ದಶಕಗಳ ನಂತರ ಅವರಲ್ಲಿ ಕೆಲವರು ಕೆಲಸ, ಚಿಕಿತ್ಸೆ ಕಳೆದುಕೊಂಡರು. ಕೆಲವರನ್ನು ದೇಶದಿಂದಲೇ ಕಳಿಸಿದರು. 2018ರಲ್ಲಿ ವಿಂಡ್‌ರಷ್ ಹಗರಣ ಅಂತ ಅದು ಹೊರಬಂತು. ಎಲ್ಲರಿಗೂ ದಾಖಲೆ ಮಾಡಿಸಿಬಿಟ್ಟರೆ ಮತ್ತೆ ಹೀಗಾಗಲ್ಲ ಅಂದಿತು ಸರ್ಕಾರ. ದಾಖಲೆ ಬೇಕು ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ದಾಖಲೆ ಮಾಡಿಸದವರ ಹಕ್ಕೇ ಹೋಗಬೇಕು ಅನ್ನೋದನ್ನು ಒಪ್ಪಲಾರೆ. ಅರ್ಜಿ ಹಾಕಲು ಮರೆಯುವವರು ಯಾರು? ವೃದ್ಧಾಶ್ರಮದಲ್ಲಿರುವ ಅಜ್ಜ ಅಜ್ಜಿಯರು, ಅನಾಥಾಲಯದ ಮಕ್ಕಳು, ಮೊಬೈಲ್ ಬಳಸಲು ಬಾರದವರು. ಕೋರ್ಟ್ ಕೂಡ ಸ್ವಲ್ಪ ಈ ಕಡೆ ವಾಲಿತು. ಅಲ್ಲಿ ನೆಲೆಸಿ ಐದು ವರ್ಷ ತುಂಬದವರಿಗೆ ‘ಪ್ರಿ-ಸೆಟಲ್ಡ್’ ಅಂತ ತಾತ್ಕಾಲಿಕ ಮಂಜೂರಾತಿ ಕೊಟ್ಟಿದ್ದರು. ಅವರು ಎರಡನೇ ಸಲ ಅರ್ಜಿ ಹಾಕದಿದ್ದರೆ ಹಕ್ಕೇ ಹೋಗುತ್ತದೆ ಅನ್ನುವ ನಿಯಮ ಕಾನೂನುಬಾಹಿರ ಎಂದು 2022ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟ್ ತೀರ್ಪು ಕೊಟ್ಟಿತು.

ಇನ್ನು ಅಕ್ಕ ಮಾಡಬೇಕಾದ ಕೆಲಸ. ಅವಳ ಮದುವೆ 2020ರ ಡಿಸೆಂಬರ್ 31ಕ್ಕಿಂತ ಮೊದಲು ಆಗಿದೆ. ಎಲ್ಲಕ್ಕಿಂತ ಮುಖ್ಯ ಇದು. ಮಾಮೂಲಿ ಸ್ಪೌಸ್ ವೀಸಾಗೆ ಅವಳು ಹೋಗೋದೇ ಬೇಡ. ಅದಕ್ಕೆ 2024ರ ಏಪ್ರಿಲ್‌ನಿಂದ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು, ಇಂಗ್ಲಿಷ್ ಪರೀಕ್ಷೆಯೂ ಇದೆ, ಫೀಸೂ ಜಾಸ್ತಿ. ಅವಳು ಕೇಳಬೇಕಾದದ್ದು ಇಯು ಸೆಟಲ್‌ಮೆಂಟ್ ಸ್ಕೀಮ್‌ನ, ಅಂದರೆ ಒಕ್ಕೂಟದ ಪ್ರಜೆಗಳಿಗೆ ಸೆಟಲ್ಡ್ ಸ್ಟೇಟಸ್ ಕೊಡುವ ಬ್ರಿಟನ್ನಿನ ಅದೇ ಯೋಜನೆಯ, ‘ಫ್ಯಾಮಿಲಿ ಪರ್ಮಿಟ್’. ಅದಕ್ಕೆ ಅರ್ಜಿ ಫೀಸು ಇಲ್ಲ. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಇಲ್ಲೇ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಕೊಡಬಹುದು. ಅಲ್ಲಿಗೆ ಹೋದ ಮೇಲೆ ಮೂರು ತಿಂಗಳೊಳಗೆ ಸ್ಕೀಮ್‌ಗೆ ಇನ್ನೊಂದು ಅರ್ಜಿ ಹಾಕಬೇಕು. ಇದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ವಿಸಿಟರ್ ವೀಸಾದಲ್ಲಿ ಹೋಗಿ ಅಲ್ಲೇ ನೋಡಿಕೊಳ್ಳೋಣ ಅಂತ ಮಾತ್ರ ಹೊರಡಬೇಡಿ. ಸುಮ್ನೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ಚರ್ಚಿನ ಸರ್ಟಿಫಿಕೇಟ್ ಹುಡುಕಿ ಇಡಿ. ಇಷ್ಟು ವರ್ಷ ದೂರ ಇದ್ದರೂ ಸಂಬಂಧ ನಡೆದುಕೊಂಡು ಬಂದಿದೆ ಅಂತ ತೋರಿಸಲು ಭಾವ ಕಳಿಸಿದ ಹಣದ ಬ್ಯಾಂಕ್ ದಾಖಲೆ, ಅವರು ಬೆಂಗಳೂರಿಗೆ ಬಂದುಹೋದ ಟಿಕೆಟ್, ಫೋಟೋ ಜೋಡಿಸಿ. ಅಮ್ಮನ ಆಸ್ಪತ್ರೆಯ ಚೀಟಿಗಳನ್ನೂ ಎಸೆಯಬೇಡಿ. ಅಕ್ಕ ಇಲ್ಲೇ ಏಕೆ ಉಳಿದಳು ಅನ್ನೋದಕ್ಕೆ ಅವೇ ಸಾಕ್ಷಿ. ಭಾವನ ಸ್ಟೇಟಸ್ ಆನ್‌ಲೈನಿನಲ್ಲೇ ಇರುತ್ತದೆ, ಅದರ ಜೊತೆಗಿರುವ ಮೊಬೈಲ್ ನಂಬರ್ ಮತ್ತು ಇಮೇಲ್ ಈಗಲೂ ಅವರದ್ದೇ ಇವೆಯಾ ಅಂತ ಇವತ್ತೇ ಫೋನ್ ಮಾಡಿ ಕೇಳಿ.