ವಿವಿಟಿ ಇದ್ದರೆ ಪವರ್, ಮೈಲೇಜ್ ಎರಡೂ ಸಿಗುತ್ತದಾ?

ಬದಿಯಡ್ಕದಿಂದ ಮಂಗಳೂರಿಗೆ ಓಡಾಡಲು ವಿವಿಟಿ (ವೇರಿಯಬಲ್ ವಾಲ್ವ್ ಟೈಮಿಂಗ್, ಅಂದರೆ ಎಂಜಿನ್ ವಾಲ್ವ್ ತೆರೆದು ಮುಚ್ಚುವ ಹೊತ್ತನ್ನು ಓಟಕ್ಕೆ ತಕ್ಕಂತೆ ಬದಲಿಸುವ ವ್ಯವಸ್ಥೆ) ಇರುವ ಪೆಟ್ರೋಲ್ ಕಾರು ತೆಗೆದರೆ ಪವರ್, ಮೈಲೇಜ್ ಎರಡೂ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ ಮಾರಾಯ್ರೆ, ಆದರೆ ಒಂದೇ ಹೊತ್ತಿಗೆ ಅಲ್ಲ.

ಮಾಮೂಲಿ ಎಂಜಿನ್‌ನಲ್ಲಿ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್ ಯಾವಾಗ ತೆರೆಯಬೇಕು, ಮುಚ್ಚಬೇಕು ಎಂಬುದು ಬದಲಾಗುವುದಿಲ್ಲ. ಕಡಿಮೆ ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಹೊಂದಿಸಿದರೆ ಜೋರು ಓಟದಲ್ಲಿ ಉಸಿರು ಕಟ್ಟುತ್ತದೆ, ಜೋರಿಗೆ ಹೊಂದಿಸಿದರೆ ಐಡ್ಲಿಂಗ್ ಕುಂಟುತ್ತದೆ. ವಿವಿಟಿಯಲ್ಲಿ ಆಯಿಲ್ ಒತ್ತಡದಿಂದ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡು) ತುಸು ಹಿಂದೆ ಮುಂದೆ ತಿರುಗುತ್ತದೆ, ಅಷ್ಟೇ. ಹೊಸತೇನಲ್ಲ, 1980ರಲ್ಲೇ ಆಲ್ಫಾ ರೋಮಿಯೋ ಸ್ಪೈಡರ್‌ನಲ್ಲಿ ಬಂದದ್ದು.

ಏರು ಹತ್ತುವಾಗ ಕಡಿಮೆ ಆರ್‌ಪಿಎಂನಲ್ಲಿ ಇನ್‌ಟೇಕ್ ವಾಲ್ವ್ (ಗಾಳಿ ಒಳಗೆ ಬಿಡುವುದು) ಬೇಗ ಮುಚ್ಚಿದರೆ ಒಳಗೆ ಬಂದ ಗಾಳಿ ಹಿಂದಕ್ಕೆ ಹೋಗದೆ ಟಾರ್ಕ್ (ಎಳೆಯುವ ಬಲ) ಸಿಗುತ್ತದೆ. ಹೈ ಆರ್‌ಪಿಎಂನಲ್ಲಿ ತಡವಾಗಿ ಮುಚ್ಚಿದರೆ ನುಗ್ಗುವ ಗಾಳಿ ಇನ್ನಷ್ಟು ತುಂಬುತ್ತದೆ, ಪವರ್ ಅಲ್ಲಿಂದ. ಮೈಲೇಜ್ ಬರುವುದು ಹೈವೇಯಲ್ಲಿ ಹಗುರ ಕಾಲಿನಿಂದ ಓಡಿಸುವಾಗ: ಅರ್ಧ ಮುಚ್ಚಿದ ಥ್ರಾಟಲ್ (ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲು) ಮೂಲಕ ಗಾಳಿ ಎಳೆಯುವುದೇ ಪಿಸ್ಟನ್‌ಗೆ ದಂಡ, ವಾಲ್ವ್ ಟೈಮಿಂಗ್ ಬದಲಿಸಿ ಆ ದಂಡ ತಗ್ಗಿಸಬಹುದು. ಆಕ್ಸಿಲರೇಟರ್ ತುಳಿದುಕೊಂಡೇ ಹೋಗುವವರಿಗೆ ಈ ಲಾಭ ದಕ್ಕದು.

ಸೆಕೆಂಡ್ ಹ್ಯಾಂಡ್ ಆದರೆ ಆಯಿಲ್ ಬದಲಿಸಿದ ದಾಖಲೆ ಕೇಳಿ. ಕೆಸರುಗಟ್ಟಿದ ಆಯಿಲ್‌ಗೆ ವಿವಿಟಿಗೆ ಆಯಿಲ್ ಬಿಡುವ ಕಂಟ್ರೋಲ್ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಮ್ಯಾನುವಲ್‌ನಲ್ಲಿ ಹೇಳಿದ ಗ್ರೇಡ್ ಬಿಟ್ಟು ದಪ್ಪ ಆಯಿಲ್ ಹಾಕಿಸಬೇಡಿ.